ಮೂರು ಗೀರು

ಕೂದಲೆಳೆ ಎಂದು ಅವನಿಗೆ ಹೆಸರಿಟ್ಟವರು ಕಾರ್ಖಾನೆಯ ಜನ. ಟೂಲ್ ರೂಮಿನಲ್ಲಿ ಮೂವತ್ತೆಂಟು ವರ್ಷ ಅವನದು ಒಂದೇ ಕೆಲಸ: ಬೇರೆಯವರು ಮಾಡಿ ತಂದ ಅಚ್ಚು, ಪಂಚುಗಳನ್ನು ಅಳೆದು, ಉಜ್ಜಿ, ಸರಿಗೆ ತರುವುದು. ಯಾರು ಏನು ತಂದುಕೊಟ್ಟರೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, "ಒಂದು ಕೂದಲೆಳೆಯಷ್ಟು ಜಾಸ್ತಿ ಇದೆ" ಎಂದು ವಾಪಸು ಕೊಡುತ್ತಿದ್ದ. ಅಳೆದು ನೋಡಿದರೆ ಅಷ್ಟೇ ಜಾಸ್ತಿ ಇರುತ್ತಿತ್ತು. ಜನಕ್ಕೆ ಸಿಟ್ಟು ಬರುತ್ತಿದ್ದದ್ದೇ ಅದಕ್ಕೆ. ಅವನ ಅಣ್ಣ ಕ್ಷೌರಿಕ. ಅಣ್ಣ ಕೂದಲು ಕತ್ತರಿಸುತ್ತಾನೆ, ತಮ್ಮ ಕೂದಲು ಸೀಳುತ್ತಾನೆ ಎಂದು ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಿದ್ದರು.

ನಿವೃತ್ತನಾದ ಮೇಲೆ ಆ ಕಣ್ಣು ಮನೆಯ ಕಡೆ ತಿರುಗಿತು. ಅಲುಗಾಡುವ ಮೇಜಿನ ಕಾಲು ಸರಿಯಾಯಿತು, ಸೋರುವ ನಲ್ಲಿ ನಿಂತಿತು, ಅಡುಗೆಮನೆಯ ಕಪಾಟು ಸದ್ದಿಲ್ಲದೆ ಮುಚ್ಚತೊಡಗಿತು. ಹೆಂಡತಿ ಮೊದಮೊದಲು ಖುಷಿಪಟ್ಟಳು. ಮುಂಬಾಗಿಲಿನ ತಿರುಗಣಿಗೂ ಅವನು ಎಣ್ಣೆ ಬಿಟ್ಟು ಉಜ್ಜಿದ ದಿನ ಮಾತ್ರ ರೇಗಿದಳು.

"ಬಾಗಿಲು ಅಂದ್ರೆ ಕಿರ್ ಅನ್ನಬೇಕು ರೀ. ನೀವು ಒಳಗೆ ಬಂದಿದ್ದು ನನಗೆ ಗೊತ್ತಾಗ್ತಾ ಇದ್ದಿದ್ದೇ ಅದರಿಂದ. ಈಗ ಬೆಕ್ಕಿನ ಹಾಗೆ ಬಂದು ಬೆನ್ನ ಹಿಂದೆ ನಿಂತಿರ್ತೀರ."

ಅವನಿಗೆ ಅದು ಅರ್ಥವಾಗಲಿಲ್ಲ. ಸದ್ದು ಮಾಡುವ ಬಾಗಿಲು ಕೆಟ್ಟ ಬಾಗಿಲು, ಅಷ್ಟೇ.

ಇಂಥ ಮನುಷ್ಯನ ಹತ್ಯಾರದ ಪೆಟ್ಟಿಗೆಯ ತಳದಲ್ಲಿ ಒಂದು ಮುಕ್ಕಾದ ಕ್ಷೌರದ ಕತ್ತಿ ನಲವತ್ತೊಂದು ವರ್ಷದಿಂದ ತುಕ್ಕು ಹಿಡಿಯುತ್ತ ಬಿದ್ದಿತ್ತು ಎಂದರೆ ಯಾರು ನಂಬುತ್ತಾರೆ? ಮೂರು ಮನೆ ಬದಲಾಯಿಸಿದ, ಮೂರು ಸಲವೂ ಆ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ ತಾನೇ ಹೊತ್ತ. ಆಮೇಲೆ ಅದು ಅಟ್ಟ ಸೇರಿತು. ಮಳೆ ಬಂದಾಗಲೆಲ್ಲ ಅಟ್ಟದಲ್ಲಿ ತೇವ ಆಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಇಳಿಸಲಿಲ್ಲ.

ಕತ್ತಿ ಅಣ್ಣನದು. ಮಡಚುವ ಕತ್ತಿ, ಕೊಂಬಿನ ಹಿಡಿ. ಅಣ್ಣನಿಗೆ ಕೆಲಸ ಕಲಿಸಿದ ಮುದುಕ ತನ್ನ ಕೈ ನಡುಗತೊಡಗಿದಾಗ, "ಇನ್ನು ಇದು ನಿಂದು" ಎಂದು ಅಣ್ಣನ ಅಂಗೈಯಲ್ಲಿ ಇಟ್ಟದ್ದು. ಅಣ್ಣನ ಅಂಗಡಿಯಲ್ಲಿ ಎರಡು ಕುರ್ಚಿ. ಮೊದಲನೆಯದು ಅಣ್ಣನದು, ಎರಡನೆಯದು ಅವನ ಗೆಳೆಯನದು. ಆ ಗೆಳೆಯನನ್ನು ಗಿರಾಕಿಗಳೆಲ್ಲ ಎರಡನೇ ಕುರ್ಚಿಯವರು ಎಂದೇ ಕರೆಯುತ್ತಿದ್ದರು. ಇಬ್ಬರೂ ಒಂದೇ ಮುದುಕನ ಹತ್ತಿರ ಕಲಿತವರು, ಒಂದೇ ಲೋಟದಲ್ಲಿ ಅರ್ಧರ್ಧ ಚಹಾ ಕುಡಿಯುವವರು. ಅಂಗಡಿಗೆ ಎರಡು ಕೀಲಿಕೈ, ಒಬ್ಬೊಬ್ಬರ ಹತ್ತಿರ ಒಂದೊಂದು.

ಕೂದಲೆಳೆಗೆ ಆಗ ಇಪ್ಪತ್ತಮೂರು. ಕೆಲಸಕ್ಕೆ ಸೇರಿ ಒಂದು ವರ್ಷ, ವಾಸ ಅಣ್ಣನ ಮನೆಯಲ್ಲೇ. ಕಾರ್ಖಾನೆಯಲ್ಲಿ ಒಂದು ಯಂತ್ರಕ್ಕೆ ದಪ್ಪ ರಬ್ಬರಿನ ಬಳೆ ಕತ್ತರಿಸಬೇಕಾಗಿತ್ತು. ಯಾವ ಚಾಕು ಹಾಕಿದರೂ ರಬ್ಬರಿನ ಅಂಚು ಹರಿದ ಹಾಗೆ ಬರುತ್ತಿತ್ತು. ಅವನಿಗೆ ಹರಿದ ಅಂಚು ಸಹಿಸಲು ಆಗದು. ಅಂಗಡಿಗೆ ವಾರದ ರಜೆ ಇದ್ದ ದಿನ ಮೊಳೆಯಲ್ಲಿ ನೇತಾಡುತ್ತಿದ್ದ ಅಣ್ಣನ ಕೀಲಿಕೈ ತೆಗೆದುಕೊಂಡು ಹೋಗಿ, ಖಾನೆಯಿಂದ ಕತ್ತಿ ಎತ್ತಿದ. ಸಂಜೆಯೊಳಗೆ ಇದ್ದಲ್ಲೇ ಇಟ್ಟರಾಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವನ ಲೆಕ್ಕ.

ರಬ್ಬರು ಬೆಣ್ಣೆಯ ಹಾಗೆ ಕುಯ್ದುಬಂತು. ಕೊನೆಯ ಎಳೆತದಲ್ಲಿ ಕತ್ತಿ ಉಕ್ಕಿನ ಪಟ್ಟಿಗೆ ತಗುಲಿ ಟಿಕ್ ಎಂದಿತು. ಅಲಗಿನ ನಡುವೆ ಸಾಸಿವೆ ಕಾಳಿನಷ್ಟು ಮುಕ್ಕು. ಅದನ್ನು ಸರಿ ಮಾಡಿಯೇ ಇಡೋಣ, ಇನ್ನೊಂದು ದಿನ ತಡವಾದರೆ ಏನು ಎಂದುಕೊಂಡು, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಸೇರಿಸಿದ.

ಆ ಇನ್ನೊಂದು ದಿನವೇ ಎಲ್ಲ ಕೆಟ್ಟಿತು. ಮಧ್ಯಾಹ್ನ ಅಣ್ಣನಿಗೆ ಊಟದ ಕ್ಯಾರಿಯರ್ ಕೊಡಲು ಅಂಗಡಿಗೆ ಹೋದರೆ, ಖಾನೆಗಳೆಲ್ಲ ನೆಲದ ಮೇಲೆ ಬೋರಲಾಗಿ ಬಿದ್ದಿದ್ದವು. ಅಣ್ಣ ಕೂಗಾಡುತ್ತಿರಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಗೆಳೆಯನ ಮುಖ ನೋಡದೆ, ಕನ್ನಡಿಯಲ್ಲಿ ಅವನನ್ನು ನೋಡುತ್ತ ಕೇಳಿದ.

"ಬೀಗ ಒಡೆದಿಲ್ಲ. ಒಂದು ಕೀ ನನ್ನ ಹತ್ರ. ಇನ್ನೊಂದು ನಿನ್ನ ಹತ್ರ ತಾನೆ?"

ಎರಡನೇ ಕುರ್ಚಿಯವನು ಗಿರಾಕಿಯ ಗಡ್ಡ ಅರ್ಧಕ್ಕೆ ಬಿಡಲಿಲ್ಲ. ಪೂರ್ತಿ ಮುಗಿಸಿದ, ಬಿಸಿನೀರಿನ ಟವೆಲಿನಲ್ಲಿ ಮುಖ ಒರೆಸಿದ, ಗಿರಾಕಿಯನ್ನು ಕಳಿಸಿದ. ಆಮೇಲೆ ತನ್ನ ಬಿಳಿ ಕೋಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೀಲಿಕೈ ಇಟ್ಟು, ಹೊರಗೆ ಹೋದ. ಬಾಗಿಲಲ್ಲಿ ಕ್ಯಾರಿಯರ್ ಹಿಡಿದು ನಿಂತಿದ್ದ ಕೂದಲೆಳೆಯ ಭುಜ ತಟ್ಟಿ, "ಸ್ವಲ್ಪ ಸರೀಪ್ಪ" ಎಂದದ್ದೇ ಕೊನೆಯ ಮಾತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಅದನ್ನೂ ಮಾಡಲಿಲ್ಲ. ಕಂಬದ ಹಾಗೆ ನಿಂತಿದ್ದವನು ಸರಿದು ದಾರಿ ಬಿಟ್ಟ. ಈಗ ಹೇಳಿದರೆ ಅಣ್ಣ ಹೊಡೆಯುತ್ತಾನೆ, ನಾಳೆ ಹೇಳೋಣ ಎಂದುಕೊಂಡ. ನಾಳೆ ಎನ್ನುವುದು ಬಹಳ ಉದ್ದದ ದಿನ. ಗೆಳೆಯನ ಕತ್ತಿ ಕದ್ದವನು ಎಂಬ ಸುದ್ದಿ ಬೀದಿಯಿಂದ ಬೀದಿಗೆ ಹೋಯಿತು, ಯಾವ ಅಂಗಡಿಯಲ್ಲೂ ಅವನಿಗೆ ಕುರ್ಚಿ ಸಿಗಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗಳ ಮೈಯ ಕೂದಲು ಬೋಳಿಸುವ ಕೆಲಸಕ್ಕೆ ಸೇರಿದನಂತೆ ಎಂದು ಯಾರೋ ಹೇಳಿದರು. ಅಂಥ ಕೈ ಅದು, ಮೀಸೆ ತಿದ್ದಿದರೆ ಜನ ಕನ್ನಡಿ ಬಿಟ್ಟು ಏಳುತ್ತಿರಲಿಲ್ಲ. ಅಣ್ಣನ ಅಂಗಡಿಯ ಎರಡನೆಯ ಕುರ್ಚಿಯ ಹಿಂದೆ ಮತ್ತೆ ಯಾರೂ ನಿಂತು ಕೆಲಸ ಮಾಡಲಿಲ್ಲ. ಅದರ ಮೇಲೆ ಹಳೆಯ ಪತ್ರಿಕೆಗಳು ಬೆಳೆದವು.

ಈಗ ಅಣ್ಣನಿಗೆ ಎಪ್ಪತ್ತಾರು. ಅತ್ತಿಗೆ ತೀರಿಕೊಂಡಿದ್ದಾಳೆ, ಅಂಗಡಿ ಮುಚ್ಚಿದೆ, ಮಗಳ ಮನೆಯಲ್ಲಿ ವಾಸ. ಕಣ್ಣಿನ ನರ ಸ್ವಲ್ಪಸ್ವಲ್ಪವೇ ಒಣಗಿ ಎರಡು ವರ್ಷದಿಂದ ಪೂರ್ತಿ ಕತ್ತಲೆ. ಆದರೂ ತನ್ನ ಗಡ್ಡ ತಾನೇ ಬೋಳಿಸಿಕೊಳ್ಳುತ್ತಾನೆ, ಬೆರಳಿನಲ್ಲಿ ಕೆನ್ನೆ ತಡವಿಕೊಂಡು. ಕೂದಲೆಳೆ ವಾರಕ್ಕೆರಡು ಸಲ ಹೋಗಿ ಪಕ್ಕದಲ್ಲಿ ಕೂತು ಬರುತ್ತಾನೆ. ಹಾಗೆ ಹೋಗಿದ್ದ ಒಂದು ಬೆಳಿಗ್ಗೆ ಅಣ್ಣ ಸೋಪಿನ ನೊರೆ ಹಚ್ಚಿಕೊಳ್ಳುತ್ತ ಇದ್ದಕ್ಕಿದ್ದಂತೆ ಅಂದ.

"ಅವನು ಇನ್ನೂ ಇದ್ದಾನಾ ಅಂತ ಏನಾದ್ರೂ ಗೊತ್ತಾ ನಿನಗೆ?"

ಯಾರು ಎಂದು ಕೇಳಬೇಕಾಗಿರಲಿಲ್ಲ.

"ಇದ್ದಾರೆ ಅಂತ ಕೇಳಿದೆ."

"ನನಗೆ ಇನ್ನು ಹೆಚ್ಚು ದಿನ ಇಲ್ಲ ಕಣೋ. ಕತ್ತಲಲ್ಲಿ ಕೂತಿದ್ರೆ ಬರೀ ಅವನೇ ಕಣ್ಮುಂದೆ ಬರ್ತಾನೆ. ಬಂದು ಆ ಕತ್ತಿ ನನ್ನ ಕೈಗಿಟ್ಟು ತಪ್ಪಾಯ್ತು ಅಂದ್ರೆ ಸಾಕು, ಕ್ಷಮಿಸಿಬಿಡ್ತೀನಿ. ಇಷ್ಟು ವರ್ಷ ಹೊತ್ತು ಹೊತ್ತು ಸಾಕಾಯ್ತು."

ಕೂದಲೆಳೆ ಮನೆಗೆ ಬಂದವನೇ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದ. ಎಣ್ಣೆ ಬಟ್ಟೆ ಒಣಗಿ ಕತ್ತಿಗೇ ಅಂಟಿಕೊಂಡಿತ್ತು, ಬಿಡಿಸಿದರೆ ಎಳೆಎಳೆಯಾಗಿ ಬಂತು. ಅಲಗು ಇಟ್ಟಿಗೆಯ ಬಣ್ಣ. ಕೊಂಬಿನ ಹಿಡಿಯನ್ನು ಹುಳು ತಿಂದಿತ್ತು, ನಡುವೆ ಉದ್ದಕ್ಕೆ ಸೀಳಿತ್ತು. ಹೆಂಡತಿ ಬಂದು ನಿಂತಳು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವಳಿಗೆ ಹೇಳದ ಒಂದೇ ವಿಷಯವನ್ನು ಅವನು ಅಂದು, ಆ ತುಕ್ಕು ಹಿಡಿದದ್ದನ್ನು ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಹೇಳಿದ.

ಅವಳು ಬೈಯಲಿಲ್ಲ. "ಚಪ್ಪಲಿ ಹಾಕ್ಕೊಳ್ಳಿ. ಈಗಲೇ ಹೋಗಿ ಹೇಳ್ಬಿಟ್ಟು ಬನ್ನಿ" ಎಂದಳು.

"ಇದನ್ನ ಹೀಗೇ ತಗೊಂಡ್ಹೋಗ್ಲಾ? ನೋಡು ಇದರ ಗತಿ! ಕೈಗಿಟ್ರೆ ಏನಂದ್ಕೊಳ್ತಾನೆ? ಮೊದಲು ಇದ್ದ ಹಾಗೆ ಮಾಡ್ತೀನಿ. ಮಾಡಿ ಕೈಗಿಟ್ಟು ಹೇಳ್ತೀನಿ."

"ನಿಮ್ಮಣ್ಣಂಗೆ ಕಣ್ಣು ಕಾಣಲ್ಲ ರೀ. ಯಾರಿಗೆ ಇದರ ಹೊಳಪು?"

ಅವನು ಸೀಮೆಎಣ್ಣೆ ಹುಡುಕಲು ಎದ್ದ. ಅವನು ಕೊಡದ ಉತ್ತರವನ್ನು ನಾನು ಹೇಳಿಬಿಡುತ್ತೇನೆ: ನಿಜ ಹೇಳುವುದಕ್ಕೆ ಅವನಿಗೆ ಇನ್ನೂ ಹೆದರಿಕೆ, ಉಜ್ಜುವುದಕ್ಕೆ ಹೆದರಿಕೆಯಿಲ್ಲ. ಬರಬಾರದ ಕಡೆ ಬಂತು ಅವನ ಅಚ್ಚುಕಟ್ಟು.

ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲಿ ಕೆಲಸ ಶುರುವಾಯಿತು. ಮೊದಲ ವಾರವೆಲ್ಲ ಕತ್ತಿ ಸೀಮೆಎಣ್ಣೆಯ ಬಟ್ಟಲಲ್ಲಿ ನೆನೆಯಿತು. ಹಿಡಿಯ ಎರಡು ಪಟ್ಟಿಯನ್ನು ಸೇರಿಸಿ ಹಿಡಿದಿದ್ದ ರಿವಿಟ್ಟುಗಳ ತಲೆಯನ್ನು ಸಣ್ಣ ಅರದಿಂದ ಉಜ್ಜಿ ತೆಗೆದು, ಸೂಜಿಯಷ್ಟು ತೆಳುವಾದ ಪಂಚಿನಿಂದ ತಟ್ಟಿ ಬಿಡಿಸಿದ. ಕೊಂಬು ಅವನ ಕೈಯಲ್ಲೇ ಎರಡು ತುಂಡಾಯಿತು. ಅದರ ಒಂದು ಬದಿ ನುಣ್ಣಗೆ ತಗ್ಗಾಗಿ ಸವೆದಿತ್ತು. ಸವೆದದ್ದು ಕೆಟ್ಟದ್ದು ಎಂದು ಅವನ ಶಾಸ್ತ್ರ; ತುಂಡುಗಳನ್ನು ಹಳೆಯ ಡಬ್ಬಿಗೆ ಎಸೆದ. ಮುರಿದ ಕುರ್ಚಿಯೊಂದರ ಕಪ್ಪು ಗಟ್ಟಿಮರದ ಕೈಯನ್ನು ಸೀಳಿ ಹೊಸ ಹಿಡಿ ಕೆತ್ತತೊಡಗಿದ.

ತುಕ್ಕು ತೆಗೆಯುವುದಕ್ಕೆ ಅವನು ಯಂತ್ರ ಮುಟ್ಟಲಿಲ್ಲ. ಯಂತ್ರದ ಚಕ್ರಕ್ಕೆ ಹಿಡಿದರೆ ತೆಳುವಾದ ಅಲಗು ಕಾದು ಉಕ್ಕಿನ ಹದ ಹೋಗುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಎಮರಿ ಪೇಪರನ್ನು ಎಣ್ಣೆಯಲ್ಲಿ ನೆನೆಸಿ, ಮರದ ತುಂಡಿಗೆ ಸುತ್ತಿ, ಒಂದೇ ದಿಕ್ಕಿಗೆ ಉಜ್ಜಿದ. ಒರಟು ಪೇಪರ್, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ಕೆಂಪು ಹೋಗಿ ಕಪ್ಪು, ಕಪ್ಪು ಹೋಗಿ ಬೂದು. ಮುಕ್ಕನ್ನು ತೆಗೆಯುವುದಕ್ಕೇ ಹನ್ನೆರಡು ದಿನ ಹಿಡಿಯಿತು. ಸಾಸಿವೆ ಕಾಳಿನಷ್ಟು ಮುಕ್ಕು ಹೋಗಬೇಕಾದರೆ ಇಡೀ ಅಲಗು ಅಷ್ಟು ಸವೆಯಬೇಕು, ಅಲಗು ಸವೆದಷ್ಟೂ ಬೆನ್ನೂ ಸವೆಯಬೇಕು. ಮುಕ್ಕು ಸಣ್ಣದಾಗುತ್ತ ಚುಕ್ಕೆಯಾಗಿ ಒಂದು ಬೆಳಿಗ್ಗೆ ಇಲ್ಲವಾದಾಗ ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಾನು ಮಾಡಿದ ತಪ್ಪು ಇಲ್ಲೇ ಇತ್ತು, ಈಗ ಇಲ್ಲ.

ಹೆಬ್ಬೆರಳು ಕೂರುವ ಕಡೆ, ಅಲಗಿನ ಬುಡದ ಕೆಳಗೆ, ತುಕ್ಕು ಆಳವಾಗಿ ತಿಂದ ಮೂರು ಗಾಯ ಕಂಡವು. ಒಂದಕ್ಕೊಂದು ಸಮವಿಲ್ಲ, ಒಂದು ಗಿಡ್ಡ, ಒಂದು ಸೊಟ್ಟ. ಅವನ ಕಣ್ಣಿಗೆ ಅವು ಚುಚ್ಚಿದವು. ಮೂರು ದಿನ ಅವುಗಳ ಮೇಲೇ ಕೂತ. ಎರಡು ಪೂರ್ತಿ ಹೋದವು. ಮೂರನೆಯದು ಬೆರಳಿಗೆ ಸಿಗದಷ್ಟು ನುಣುಪಾಯಿತು, ಆದರೆ ಓರೆ ಬೆಳಕಿಗೆ ಹಿಡಿದರೆ ನೆರಳಿನಂತೆ ಒಂದೆಳೆ ಕಾಣುತ್ತಿತ್ತು. ಇನ್ನು ಉಜ್ಜಿದರೆ ಆ ಜಾಗ ತೆಳ್ಳಗಾಗಿ ಮುರಿದೀತೆಂದು ಬಿಟ್ಟ. ಬಿಟ್ಟದ್ದು ಮನಸ್ಸಿಗೆ ಕೊರೆಯುತ್ತಲೇ ಇತ್ತು.

"ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ," ಎಂದಳು ಹೆಂಡತಿ, ಚಹಾ ಲೋಟ ಇಡುತ್ತ. "ಏಳನೇ ವಾರ ಇದು. ನಿಮ್ಮಣ್ಣ ಊಟ ಕಮ್ಮಿ ಮಾಡಿದ್ದಾರಂತೆ, ಅವರ ಮಗಳು ಫೋನ್ ಮಾಡಿದ್ಲು."

"ಇನ್ನೇನು, ಮುಗೀತು."

ಹಿತ್ತಾಳೆ ತಂತಿಯ ರಿವಿಟ್ಟು ಹಾಕಿ, ಎರಡೂ ಕಡೆ ಪುಟ್ಟ ವಾಷರ್ ಕೂರಿಸಿ, ಸುತ್ತಿಗೆಯಿಂದ ಕಾಳು ತಟ್ಟಿದ ಹಾಗೆ ತಟ್ಟಿದ. ಸಾಣೆಕಲ್ಲಿನ ಮೇಲೆ ಬೆನ್ನು, ಅಂಚು ಎರಡೂ ತಾಗುವಂತೆ ಮಲಗಿಸಿ ಮಸೆದ, ಚರ್ಮದ ಪಟ್ಟಿಯ ಮೇಲೆ ನೂರು ಸಲ ಆಡಿಸಿದ. ಹೆಂಡತಿಯ ಬಾಚಣಿಗೆಯಿಂದ ಒಂದು ನರೆಗೂದಲು ತೆಗೆದು ನೇತಾಡಿಸಿ ಅಲಗಿಗೆ ತಾಗಿಸಿದರೆ ಸದ್ದಿಲ್ಲದೆ ಎರಡಾಗಿ ಬಿತ್ತು. ಅವನು ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ಮಾಡಿರಲಿಲ್ಲ. ಅದು ನಿಜ, ಅದನ್ನು ಒಪ್ಪಿಕೊಳ್ಳಬೇಕು.

ಮರುದಿನ ಬೆಳಿಗ್ಗೆ ಅಣ್ಣ ವರಾಂಡದ ಕುರ್ಚಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಕೂದಲೆಳೆ ಕಾಲ ಬಳಿ ಮಣೆ ಹಾಕಿಕೊಂಡು ಕೂತ, ಕತ್ತಿಯನ್ನು ಅಣ್ಣನ ಎಡಗೈಗೆ ಇಟ್ಟ. ಅಣ್ಣ ಎಡಚ.

"ಅಣ್ಣಾ, ಇದು ನಿನ್ನ ಕತ್ತಿ. ಅವರು ಕದ್ದಿಲ್ಲ. ನಾನು ತಗೊಂಡಿದ್ದು. ರಬ್ಬರ್ ಕುಯ್ಯೋಕೆ ಅಂತ. ಮುಕ್ಕಾಯ್ತು, ಹೆದರಿ ಬಚ್ಚಿಟ್ಟೆ. ಅವತ್ತು ಬಾಗಿಲಲ್ಲೇ ನಿಂತಿದ್ದೆ, ಬಾಯಿ ಬರಲಿಲ್ಲ."

ಅಷ್ಟೂ ಒಂದೇ ಉಸಿರಿಗೆ ಹೇಳಿದ. ಅಣ್ಣನ ಮುಖ ಬಿಳಿಚಿತು. ಅವನು ಕತ್ತಿಯನ್ನು ಬಿಚ್ಚಿದ. ಕೈ ತನ್ನಷ್ಟಕ್ಕೆ ತಾನೇ ಹಳೆಯ ಹಿಡಿತಕ್ಕೆ ಹೋಯಿತು: ಕಿರುಬೆರಳು ಹಿಂದೆ, ಹೆಬ್ಬೆರಳು ಬುಡದ ಕೆಳಗೆ. ಹೆಬ್ಬೆರಳು ಅಲ್ಲಿ ಒಮ್ಮೆ ಆಡಿತು, ಮತ್ತೊಮ್ಮೆ ಆಡಿತು. ಆಮೇಲೆ ಅಣ್ಣ ನಕ್ಕ.

"ಇದು ನಂದಲ್ಲ ಕಣೋ."

"ನಿಂದೇ ಅಣ್ಣಾ. ಆಣೆ ಮಾಡಿ ಹೇಳ್ತೀನಿ."

"ನನ್ನದರಲ್ಲಿ ಇಲ್ಲಿ ಮೂರು ಗೀರು ಇದ್ವು. ಸೋಪಿನ ಕೈ ಜಾರುತ್ತೆ ಅಂತ ನಾನೇ ಅರ ಹಿಡಿದು ಹಾಕಿದ್ದು, ಸೊಟ್ಟಸೊಟ್ಟಗೆ. ಎಲ್ಲಿ ಅವು?"

ಕೂದಲೆಳೆ ಎಂದೂ ಆ ಕತ್ತಿಯನ್ನು ಕ್ಷೌರಕ್ಕೆ ಹಿಡಿದವನಲ್ಲ. ರಬ್ಬರು ಕುಯ್ಯುವವನಿಗೆ ಹೆಬ್ಬೆರಳು ಎಲ್ಲಿ ಕೂರುತ್ತದೆಂದು ಏನು ಗೊತ್ತು?

"ನಾನೇ... ತುಕ್ಕಿನ ಗಾಯ ಅಂದ್ಕೊಂಡು ಉಜ್ಜಿಬಿಟ್ಟೆ."

"ಹಿಡಿ? ನನ್ನ ಕಿರುಬೆರಳಿಗೆ ತಗ್ಗು ಬಿದ್ದಿತ್ತು."

"ಹುಳು ತಿಂದಿತ್ತು. ಬದಲಾಯಿಸಿದೆ."

"ಮುಕ್ಕಾಯ್ತು ಅಂದ್ಯಲ್ಲ, ಆ ಮುಕ್ಕು?"

"ತೆಗೆದೆ."

"ಅಲಗೂ ನನ್ನದಕ್ಕಿಂತ ಸಣ್ಣ. ಹಾಗಾದ್ರೆ ಇದರಲ್ಲಿ ನಂದು ಅನ್ನೋದು ಏನು ಉಳಿದಿದ್ಯಪ್ಪಾ?"

"ಒಂದು ಗೀರು ಉಳಿದಿದೆ ಅಣ್ಣಾ! ಪೂರ್ತಿ ಹೋಗಿಲ್ಲ. ಇಲ್ಲಿ, ಬೆಳಕಿಗೆ ಹಿಡಿದು ನೋಡು!"

ನೋಡು ಎಂದದ್ದು ಕುರುಡನಿಗೆ. ಅಂದ ಮೇಲೆ ಅವನಿಗೇ ಗೊತ್ತಾಯಿತು. ಅಣ್ಣನ ಮಗಳನ್ನು ಕೂಗಿ ಕರೆದ. ಅವಳು ಒದ್ದೆ ಕೈ ಒರೆಸಿಕೊಂಡು ಬಂದು, ಕತ್ತಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಹೌದಪ್ಪಾ, ಒಂದು ಗೆರೆ ಹಾಗೆ ಏನೋ ಕಾಣುತ್ತೆ."

"ಕಾಣುತ್ತಮ್ಮಾ. ನನಗೋಸ್ಕರ ನಿನ್ನ ಚಿಕ್ಕಪ್ಪ ಗೆರೆ ಹಾಕೋದು ದೊಡ್ಡದಾ?" ಅಣ್ಣ ಕೈ ಚಾಚಿ ತಮ್ಮನ ತಲೆ ಹುಡುಕಿ ಸವರಿದ. "ಅವತ್ತು ನಾನು ಹಾಗಂದೆ ಅಂತ ತಾನೆ, ಎಲ್ಲೋ ಹಳೇದೊಂದು ಹುಡುಕಿ ತಂದು ಇಷ್ಟು ಚೆನ್ನಾಗಿ ಮಾಡಿದ್ದೀಯ. ನಾನು ನೆಮ್ಮದಿಯಾಗಿ ಹೋಗ್ಲಿ ಅಂತ ಆ ಕಳ್ಳನ ತಪ್ಪನ್ನ ನಿನ್ನ ತಲೆ ಮೇಲೆ ಎಳ್ಕೊಳ್ತಿದ್ದೀಯ. ಚಿಕ್ಕೋನಿದ್ದಾಗಿಂದ ನೀನು ಹೀಗೇ, ಬರೀ ಮೆತ್ತಗೆ."

"ಮೆತ್ತಗಲ್ಲ ಅಣ್ಣಾ, ನಿಜ!" ತಮ್ಮ ಅಳುತ್ತಿದ್ದ, ಅರವತ್ತನಾಲ್ಕರ ಗಂಡಸು. "ಅವರನ್ನೇ ಕರ್ಕೊಂಡು ಬರ್ತೀನಿ, ಕೇಳು."

"ಬೇಡ. ಬರೋದಾದ್ರೆ ಅವನೇ ತಾನಾಗಿ ಬರಲಿ, ಕತ್ತಿ ತರಲಿ. ಕ್ಷಮಿಸೋಕೆ ನಾನು ಸಿದ್ಧ ಇದ್ದೀನಿ. ಬಿಸಿನೀರು ತಾಮ್ಮಾ, ನಿನ್ನ ಚಿಕ್ಕಪ್ಪನ ಕೆಲಸ ಹೇಗಿದೆ ನೋಡೋಣ."

ಕುರುಡು ಮುದುಕ ಆ ಕತ್ತಿಯಲ್ಲಿ ತನ್ನ ಗಡ್ಡ ತೆಗೆದುಕೊಂಡ. ಒಂದು ಗೀರಿಲ್ಲ, ಒಂದು ಹನಿ ರಕ್ತವಿಲ್ಲ. ಕೆನ್ನೆ ತಡವಿಕೊಂಡು, "ನಿಜ ಹೇಳ್ತೀನಿ, ನನ್ನದಕ್ಕಿಂತ ಚೆನ್ನಾಗಿದೆ" ಎಂದು ಮಡಚಿ ವಾಪಸು ಕೊಟ್ಟ. ಆ ಹೊಗಳಿಕೆಯನ್ನು ಕೂದಲೆಳೆ ಸಾಯುವವರೆಗೆ ಮರೆಯುವುದಿಲ್ಲ.

ಮನೆಗೆ ಓಡೋಡಿ ಬಂದ. ಡಬ್ಬಿ ಮಗುಚಿ ಹಾಕಿದ: ತಂತಿ ಚೂರು, ಮರದ ಪುಡಿ, ಕಪ್ಪಾದ ಎಮರಿ ಪೇಪರುಗಳು. ಕೊಂಬಿನ ತುಂಡುಗಳಿಲ್ಲ. ಅವುಗಳಲ್ಲಿ ಕಿರುಬೆರಳಿನ ತಗ್ಗಿತ್ತು. ಕೈಗೆ ಕೊಟ್ಟಿದ್ದರೆ ಅಣ್ಣ ಒಂದು ಕ್ಷಣದಲ್ಲಿ ಗುರುತು ಹಿಡಿಯುತ್ತಿದ್ದ.

"ಆ ಹುಳ ಹಿಡಿದಿದ್ದಾ?" ಎಂದಳು ಹೆಂಡತಿ, ಅವನು ಕೊಂಬಿನ ತುಂಡು ಕೇಳಿದ್ದಕ್ಕೆ. "ನೀವೇ ಅಲ್ವಾ ಬೇಡ ಅಂದಿದ್ದು. ಕಸದ ಗಾಡಿಗೆ ಹಾಕಿ ತಿಂಗಳಾಯ್ತು." ಅವನು ನೆಲದ ಮೇಲೆ ಕೂತ ರೀತಿ ನೋಡಿ ಅವಳೂ ಪಕ್ಕದಲ್ಲಿ ಕೂತಳು. ಆ ದಿನ ಹೇಗಿತ್ತೋ ಹಾಗೇ ಕೊಟ್ಟಿದ್ದರೆ ಎಂದು ಇಬ್ಬರೂ ಯೋಚಿಸುತ್ತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಮೇಲೆ ಎರಡು ಸಲ ಅಣ್ಣನಿಗೆ ಹೇಳಿ ನೋಡಿದ. "ಮತ್ತೆ ಅದೇ ರಾಗನಾ?" ಎಂದು ಅಣ್ಣ ಮುಖ ಆ ಕಡೆ ತಿರುಗಿಸಿದ. ಐದು ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲೇ ಇಲ್ಲ. ಅಣ್ಣನನ್ನು ಹೊರಗೆ ತರುವಾಗ ರಸ್ತೆಯ ಆಚೆ ಬದಿಯಲ್ಲಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಹತ್ತಿರ, ಬಗ್ಗಿದ ಬೆನ್ನಿನ ಒಬ್ಬ ಮುದುಕ ಬರಿಗಾಲಲ್ಲಿ ನಿಂತಿದ್ದ. ಚಪ್ಪಲಿ ಕೈಯಲ್ಲಿತ್ತು. ಕೂದಲೆಳೆ ಅವನನ್ನು ನೋಡಿದ, ಹೆಗಲು ಕೊಟ್ಟಿದ್ದರಿಂದ ನಿಲ್ಲಲಾಗಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಹದಿನೈದು ದಿನ ಬಿಟ್ಟು, ಆಸ್ಪತ್ರೆಯಲ್ಲಿ ವಿಚಾರಿಸಿ, ಅವನ ಮನೆ ಪತ್ತೆ ಮಾಡಿದ. ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆ. ಗೋಡೆಗೆ ಒಂದು ಅಂಗೈಯಗಲದ ಕನ್ನಡಿ, ಹಗ್ಗದ ಮೇಲೆ ನಾಲ್ಕು ಮಡಿಕೆಯ ಟವೆಲು. ಎರಡನೇ ಕುರ್ಚಿಯವನು ಹಾಸಿಗೆಯ ಮೇಲಿದ್ದ ಪತ್ರಿಕೆ ಸರಿಸಿ ಜಾಗ ಮಾಡಿಕೊಟ್ಟ.

"ಕೂತ್ಕೋಪ್ಪ. ನಿಮ್ಮಣ್ಣ ಹೋಗ್ಬಿಟ್ಟ."

ಕೂದಲೆಳೆ ಕೂರಲಿಲ್ಲ. ನಿಂತೇ ಹೇಳಿದ. ನಲವತ್ತೊಂದು ವರ್ಷ ತಡವಾಗಿ, ಹೇಳಬೇಕಾಗಿದ್ದವನಿಗೆ ಕೊನೆಗೂ ಹೇಳಿ, ಕತ್ತಿ ಮುಂದೆ ಚಾಚಿದ. ಮುದುಕ ಅದನ್ನು ಬಿಚ್ಚಿ, ಕಿಟಕಿಯ ಹತ್ತಿರ ಹೋಗಿ, ಬುಡವನ್ನು ಬೆಳಕಿಗೆ ಓರೆಯಾಗಿ ಹಿಡಿದ. ತುಂಬ ಹೊತ್ತು ನೋಡಿದ.

"ಇದೇ," ಎಂದ. "ಈ ಗೀರು ಹಾಕುವಾಗ ಕತ್ತಿ ಗಟ್ಟಿಯಾಗಿ ಹಿಡ್ಕೊಂಡಿದ್ದೋನು ನಾನು. ಮೂರನೇದಕ್ಕೆ ಅವನ ಕೈ ಜಾರಿ ಆಳ ಬಿತ್ತು. ಇಬ್ಬರೂ ಎಷ್ಟು ನಕ್ಕಿದ್ವಿ!"

ಆಮೇಲೆ ಬೆನ್ನು ತಿರುಗಿಸಿಕೊಂಡೇ ಕೇಳಿದ. "ಅವನಿಗೆ ಹೇಳಿದ್ಯಾ?"

"ಹೇಳಿದೆ."

"ನಂಬಿದ್ನಾ?"

ಹೌದು ಎಂದುಬಿಡಬಹುದಿತ್ತು. ನಂಬಿದ, ನಿಮ್ಮ ಹೆಸರು ಹೇಳಿ ಅತ್ತ ಎಂದಿದ್ದರೆ ಸಾಕಿತ್ತು, ಅದು ಸುಳ್ಳು ಎಂದು ಈ ಕೋಣೆಗೆ ಬಂದು ಹೇಳುವವರು ಯಾರೂ ಇರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಂದು ಬಾಗಿಲಲ್ಲಿ ಭುಜ ತಟ್ಟಿದ ಆ ಕೈ ಈಗ ಕಿಟಕಿಯ ಸರಳು ಹಿಡಿದುಕೊಂಡಿತ್ತು.

"ಇಲ್ಲ," ಎಂದ ಕೂದಲೆಳೆ. "ಕಣ್ಣು ಕಾಣ್ತಿರಲಿಲ್ಲ. ಗೀರೆಲ್ಲ ನಾನೇ ಅಳಿಸಿಬಿಟ್ಟಿದ್ದೆ. ನೀವೇ ಕದ್ದಿದ್ದು ಅಂದ್ಕೊಂಡೇ ಹೋದ."

ಕೆಳಗೆ ಇಸ್ತ್ರಿ ಪೆಟ್ಟಿಗೆ ಮೇಜಿಗೆ ಬಡಿಯುವ ಸದ್ದು ಒಂದಷ್ಟು ಸಲ ಬಂತು. ಮುದುಕ ಕತ್ತಿಯನ್ನು ಮಡಚಿದ, ಹಗ್ಗದ ಮೇಲಿನ ಟವೆಲಿನ ತುದಿಯಿಂದ ಬೆರಳ ಗುರುತು ಒರೆಸಿದ, ಕೂದಲೆಳೆಯ ಕೈಗೆ ವಾಪಸು ಇಟ್ಟ.

"ಇಟ್ಕೊಳ್ಳಿ ಅಣ್ಣಾ. ನಿಮಗೇ ಅಂತ ತಂದಿದ್ದು," ಎಂದ ಕೂದಲೆಳೆ.

"ನಾನು ಹೇಗೆ ಇ‌ಟ್ಕೊಳ್ಳಲಪ್ಪ?" ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅವನ ಕತ್ತಿ ನನ್ನ ಮನೇಲಿ ಸಿಕ್ಕಿದ್ರೆ, ಅವನು ಅಂದ್ಕೊಂಡಿದ್ದೇ ನಿಜ ಆಗಲ್ವಾ? ನೀನು ತಗೊಂಡಿದ್ದು, ನಿನ್ನ ಹತ್ರಾನೇ ಇರಲಿ."

ಬಾಗಿಲವರೆಗೆ ಬಂದು, ದಾರಿಗೆ ಅಡ್ಡವಾಗಿ ನಿಂತಿದ್ದ ಕೂದಲೆಳೆಯ ಭುಜ ತಟ್ಟಿದ. "ಸ್ವಲ್ಪ ಸರೀಪ್ಪ," ಎಂದು ಬಾಗಿಲು ಹಾಕಿಕೊಂಡ.

ಕತ್ತಿ ಈಗಲೂ ಪೆಟ್ಟಿಗೆಯ ತಳದಲ್ಲೇ ಇದೆ. ತಿಂಗಳಿಗೊಮ್ಮೆ ತೆಗೆದು ಎಣ್ಣೆ ಹಚ್ಚುತ್ತಾನೆ, ಮತ್ತೆ ಬಟ್ಟೆ ಸುತ್ತಿ ಇಡುತ್ತಾನೆ. ತುಕ್ಕು ಹಿಡಿಯಲು ಬಿಟ್ಟಿಲ್ಲ.